ಹಳ್ಳಕ್ಕೆ ಅದರ ಜಾಗ ಬಿಡಿ



ಬೇಸಿಗೆ ಹತ್ತಿರ ಬಂತೆಂದರೆ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಊಟದ ತಟ್ಟೆ ಹಿಡಿದು ನಿಂತಾಗ ನಿಮ್ಮಲ್ಲಿ ಯಾರಾದರೂ ಬಂದು ಕೇಳುತ್ತೀರಿ: “ಆಂಟಿ, ಈ ಸಲ ಹೋಟೆಲ್ಲು, ರಿಸಾರ್ಟು ಏನೂ ಬೇಡ. ಕಾಡಿನೊಳಗೆ ಹಳ್ಳದ ಪಕ್ಕ ಟೆಂಟ್ ಹಾಕಿಕೊಂಡು ಎರಡು ರಾತ್ರಿ ಇರಬೇಕು. ಎಲ್ಲಿಗೆ ಹೋಗೋಣ?” ಈ ಪ್ರಶ್ನೆ ಕೇಳಿದರೆ ನನಗಾಗುವ ಸಂತೋಷ ಅಷ್ಟಿಷ್ಟಲ್ಲ. ಆದರೆ ಆ ಗದ್ದಲದಲ್ಲಿ ನಿಂತು ನಾಲ್ಕು ಮಾತಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಇರುವ ನಮಗೆ ನಾನು ಹೇಳುವ ಜಾಗ ವೆಸ್ಟ್ ವರ್ಜೀನಿಯಾದ ಮೊನೊಂಗಹೇಲಾ ರಾಷ್ಟ್ರೀಯ ಅರಣ್ಯ. ಒಂಬತ್ತು ಲಕ್ಷ ಎಕರೆಗೂ ಮಿಕ್ಕಿದ ಕಾಡು, ಕಾರಿನಲ್ಲಿ ಸುಮಾರು ಐದು ಗಂಟೆಯ ದಾರಿ. ಅದರ ದಕ್ಷಿಣದ ಕಡೆ, ಮಾರ್ಲಿಂಟನ್ ಎಂಬ ಸಣ್ಣ ಊರು ದಾಟಿ ಬೆಟ್ಟ ಹತ್ತಿಳಿದರೆ, ಟೀ ಕ್ರೀಕ್ ಎಂಬ ಹಳ್ಳ ವಿಲಿಯಮ್ಸ್ ನದಿಯನ್ನು ಸೇರುತ್ತದೆ. ಆ ಸಂಗಮದ ಬಳಿ ಅರಣ್ಯ ಇಲಾಖೆಯ ಒಂದು ಕ್ಯಾಂಪ್‌ಗ್ರೌಂಡ್ ಇದೆ. ಮೇಲಿನ ಸ್ಪ್ರೂಸ್ ಕಾಡು, ಜೌಗು ನೆಲಗಳಿಂದ ಬರುವ ಈ ಭಾಗದ ಹಳ್ಳಗಳ ನೀರು ತಿಳಿಯಾದ ಟೀ ಡಿಕಾಕ್ಷನ್ ಬಣ್ಣದ್ದು. ಕೊಳೆ ಅಂದುಕೊಳ್ಳಬೇಡಿ. ಎಲೆ, ತೊಗಟೆ, ಪಾಚಿಯಿಂದ ಇಳಿದ ಟ್ಯಾನಿನ್ ಅದು.

ಇಂಥ ಕ್ಯಾಂಪ್‌ಗ್ರೌಂಡಿನಲ್ಲಿ ನಿಮಗೆ ಸಿಗುವುದು ಇಷ್ಟೇ: ಟೆಂಟ್ ಹಾಕಲು ಸಮತಟ್ಟಾದ ಜಾಗ, ಒಂದು ಮೇಜು, ಬೆಂಕಿಗೆ ಕಬ್ಬಿಣದ ಬಳೆ ಹೂತಿಟ್ಟ ಗುಂಡಿ, ದೂರದಲ್ಲಿ ನೀರಿಲ್ಲದ ಗುಂಡಿ ಪಾಯಿಖಾನೆ. ಕರೆಂಟಿಲ್ಲ, ಸ್ನಾನಕ್ಕೆ ವ್ಯವಸ್ಥೆಯಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಮೊದಲು ಬಂದವರಿಗೆ ಮೊದಲ ಜಾಗ. ಬಾಗಿಲಲ್ಲಿಟ್ಟ ಲಕೋಟೆಗೆ ದುಡ್ಡು ಹಾಕಿ ಕಬ್ಬಿಣದ ಡಬ್ಬಿಗೆ ಇಳಿಬಿಡುವ ಪದ್ಧತಿ ಈಗಲೂ ಹಲವು ಕಡೆ ಉಂಟು, ಹಾಗಾಗಿ ಚಿಲ್ಲರೆ ನೋಟು ಇಟ್ಟುಕೊಂಡಿರಿ. ಕುಡಿಯುವ ನೀರು ಇರುತ್ತದೆಂದು ನಂಬಿ ಹೋಗಬೇಡಿ. ಹೊರಡುವ ಎರಡು ದಿನ ಮುಂಚೆ ಅಲ್ಲಿನ ರೇಂಜರ್ ಕಚೇರಿಗೆ ಫೋನ್ ಮಾಡಿ, ರಸ್ತೆ ತೆರೆದಿದೆಯೇ, ಬೆಂಕಿ ಹಾಕಲು ಅನುಮತಿ ಇದೆಯೇ, ನೀರಿದೆಯೇ ಎಂದು ಕೇಳಿ. ಅವರು ಬೇಸರಪಡದೆ ಹೇಳುತ್ತಾರೆ.

ನಿಮ್ಮಲ್ಲಿ ಎಷ್ಟೋ ಜನ ರಾಷ್ಟ್ರೀಯ ಅರಣ್ಯ, ರಾಷ್ಟ್ರೀಯ ಉದ್ಯಾನ ಎರಡೂ ಒಂದೇ ಅಂದುಕೊಂಡಿದ್ದೀರಿ. ಯೆಲ್ಲೋಸ್ಟೋನ್, ಶೆನಂಡೋವಾ ಇವೆಲ್ಲ ಉದ್ಯಾನಗಳು, ಇಂಟೀರಿಯರ್ ಇಲಾಖೆಯ ಕೆಳಗೆ ಬರುತ್ತವೆ. ಅರಣ್ಯಗಳನ್ನು ನೋಡಿಕೊಳ್ಳುವುದು 1905ರಲ್ಲಿ ಶುರುವಾದ ಅರಣ್ಯ ಸೇವೆ. ಅದು ಇರುವುದು ಕೃಷಿ ಇಲಾಖೆಯ ಕೆಳಗೆ. ದೇಶದಲ್ಲಿ ಇಂಥ 154 ಅರಣ್ಯಗಳಿವೆ. ಅಲ್ಲಿ ಮರ ಕಡಿಯುತ್ತಾರೆ, ದನ ಮೇಯಿಸುತ್ತಾರೆ, ಬೇಟೆಯಾಡುತ್ತಾರೆ, ಎಲ್ಲವೂ ಕಾನೂನಿನ ಒಳಗೆ. ಆದ್ದರಿಂದ ಕೋವಿ ಹಿಡಿದವರು ಎದುರಾದರೆ ಗಾಬರಿಯಾಗಬೇಡಿ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ವಾರ ವೆಸ್ಟ್ ವರ್ಜೀನಿಯಾದಲ್ಲಿ ಜಿಂಕೆ ಬೇಟೆಯ ಭರಾಟೆ. ಆ ವಾರ ಹೋಗದಿದ್ದರೇ ಒಳ್ಳೆಯದು. ಹೋಗಲೇಬೇಕಿದ್ದರೆ ಎದ್ದು ಕಾಣುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ತೊಟ್ಟು ಹೋಗಿ.

ಈ ಕಾಡು ಯಾಕೆ ಉಳಿಯಿತು ಎನ್ನುವುದನ್ನು ನೀವು ತಿಳಿದುಕೊಂಡು ಹೋಗಬೇಕು. ತಿಳಿಯದೆ ಹೋದರೆ ಮುಂದೆ ನಾನು ಹೇಳುವುದೆಲ್ಲ ಬರೀ ನಿಯಮದ ಪಟ್ಟಿಯಂತೆ ಕೇಳಿಸುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೈಲು ಬಂದ ಮೇಲೆ ವೆಸ್ಟ್ ವರ್ಜೀನಿಯಾದ ಬೆಟ್ಟಗಳನ್ನು ಬೋಳಿಸಿದರು. 1920ರ ಹೊತ್ತಿಗೆ ಹಳೆಯ ಕಾಡು ಬಹುಪಾಲು ಹೋಗಿತ್ತು. ಕಡಿದು ಬಿಟ್ಟ ರೆಂಬೆಗಳಿಗೆ ಬೆಂಕಿ ಬಿತ್ತು, ಮಣ್ಣೇ ಸುಟ್ಟುಹೋಯಿತು. ಮಳೆನೀರನ್ನು ಹಿಡಿದಿಡುವ ಬೇರಿಲ್ಲ, ತರಗೆಲೆಯಿಲ್ಲ. ಬಿದ್ದ ಮಳೆ ಬಿದ್ದ ಹಾಗೇ ಕೆಳಗೆ ನುಗ್ಗಿತು. 1907ರಲ್ಲಿ ಮೊನೊಂಗಹೇಲಾ ನದಿಗೆ ಬಂದ ಪ್ರವಾಹ ಪಿಟ್ಸ್‌ಬರ್ಗ್‌ವರೆಗೆ ಹಾವಳಿ ಮಾಡಿತು. ಬೆಟ್ಟದ ಮರಕ್ಕೂ ಬಯಲಿನ ಊರಿಗೂ ಸಂಬಂಧವಿದೆ ಎನ್ನುವುದು ಆಗ ಜನರಿಗೆ ಕಣ್ಣಿಗೆ ಹೊಡೆಯುವಂತೆ ಕಂಡಿತು. 1911ರಲ್ಲಿ ವೀಕ್ಸ್ ಕಾಯಿದೆ ಬಂತು. ದೋಣಿ ಓಡಾಡುವ ನದಿಗಳು ಹುಟ್ಟುವ ಕಡೆ ಇರುವ ಖಾಸಗಿ ಭೂಮಿಯನ್ನು ಸರ್ಕಾರ ಕೊಂಡು ಕಾಡು ಬೆಳೆಸಬಹುದು ಎಂದು ಆ ಕಾಯಿದೆ ಹೇಳಿತು. 1915ರಲ್ಲಿ ಇಲ್ಲಿ 7,200 ಎಕರೆ ಕೊಂಡರು. 1920ರಲ್ಲಿ ಮೊನೊಂಗಹೇಲಾ ರಾಷ್ಟ್ರೀಯ ಅರಣ್ಯವೆಂದು ಘೋಷಿಸಿದರು.

ಅಂದರೆ ನೀವು ಟೆಂಟ್ ಹಾಕಿ ಮಲಗುವ ಕಾಡು ಇರುವುದೇ ಆ ಹಳ್ಳಗಳಿಗಾಗಿ. ನೀರು ಚೆನ್ನಾಗಿ ಹರಿಯಲಿ ಎಂದು ದುಡ್ಡು ಕೊಟ್ಟು, ನೂರು ವರ್ಷ ಕಾದು ಬೆಳೆಸಿದ ಕಾಡು ಇದು. ಹಾಗೆಂದು ಅಲ್ಲಿ ತಕರಾರೇ ಆಗಲಿಲ್ಲ ಎಂದಲ್ಲ. ಐವತ್ತು ವರ್ಷದ ಹಿಂದೆ ಇದೇ ಅರಣ್ಯದಲ್ಲಿ ಇಡೀ ಗುಡ್ಡಗಳನ್ನೇ ಒಮ್ಮೆಲೇ ಕಡಿಯುವುದರ ವಿರುದ್ಧ ಸ್ಥಳೀಯರು, ಬೇಟೆಗಾರರು, ಮೀನು ಹಿಡಿಯುವವರು ಕೋರ್ಟಿಗೆ ಹೋಗಿ ಗೆದ್ದರು. ಅದರ ಪರಿಣಾಮವಾಗಿ 1976ರಲ್ಲಿ ಇಡೀ ದೇಶದ ರಾಷ್ಟ್ರೀಯ ಅರಣ್ಯಗಳಿಗೆ ಹೊಸ ಕಾಯಿದೆಯೇ ಬಂತು. ಆ ಜನರ ಹಟವನ್ನು ನೆನೆದರೆ ನನಗೆ ಇವತ್ತಿಗೂ ಗೌರವ ಉಕ್ಕುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹಳ್ಳದ ಹತ್ತಿರ ಹೋಗಿ, ಆದರೆ ಹಳ್ಳಕ್ಕೆ ಅದರ ಜಾಗ ಬಿಟ್ಟುಕೊಡಿ. ನಾನು ಹೇಳಬೇಕಾದದ್ದೆಲ್ಲ ಇದರಲ್ಲೇ ಇದೆ. ಹಳ್ಳದ ಒಳಿತಿಗೂ ಇದೇ ದಾರಿ, ನಿಮ್ಮ ಜೀವಕ್ಕೂ ಇದೇ ದಾರಿ.

ಜೀವದ ವಿಷಯ ಮೊದಲು. 2010ರ ಜೂನ್ 11ರ ನಸುಕಿನಲ್ಲಿ ಆರ್ಕನ್ಸಾ ರಾಜ್ಯದ ವಾಶಿಟಾ ರಾಷ್ಟ್ರೀಯ ಅರಣ್ಯದಲ್ಲಿ ನಡೆದದ್ದನ್ನು ನೀವು ಕೇಳಿರಲಾರಿರಿ, ಆಗ ನೀವೆಲ್ಲ ಊರಲ್ಲಿ ಶಾಲೆಗೆ ಹೋಗುತ್ತಿದ್ದಿರಿ. ಆಲ್ಬರ್ಟ್ ಪೈಕ್ ಎಂಬ ಕ್ಯಾಂಪ್‌ಗ್ರೌಂಡಿನಲ್ಲಿ ಲಿಟ್ಲ್ ಮಿಸೌರಿ ನದಿಯ ದಡದಲ್ಲಿ ಸಂಸಾರಗಳು ಮಲಗಿದ್ದವು. ರಾತ್ರಿ ಮೇಲಿನ ಬೆಟ್ಟಗಳ ಮೇಲೆ ಮಳೆ ಸುರಿಯಿತು. 3 ಅಡಿ ಆಸುಪಾಸಿನಲ್ಲಿದ್ದ ನೀರು ಕೆಲವೇ ಗಂಟೆಗಳಲ್ಲಿ 23 ಅಡಿ ದಾಟಿತು. ಹವಾಮಾನ ಇಲಾಖೆ ನಡುರಾತ್ರಿ ಎಚ್ಚರಿಕೆ ಹೊರಡಿಸಿತ್ತು. ಆದರೆ ಆ ಕಣಿವೆಗೆ ಮೊಬೈಲ್ ಸಿಗ್ನಲ್ ಇರಲಿಲ್ಲ, ಮಲಗಿದವರ ಕಿವಿಗೆ ಅದು ಬೀಳಲಿಲ್ಲ. 20 ಜನ ಸತ್ತರು. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು.

ದೂರದ ಕಥೆ ಅನ್ನಬೇಡಿ. 2016ರ ಜೂನ್ 23ರಂದು ವೆಸ್ಟ್ ವರ್ಜೀನಿಯಾದಲ್ಲೇ ಒಂದೇ ದಿನದ ಮಳೆಗೆ 23 ಜನ ಹೋದರು. ನೀವು ಹೋಗುವ ಕಾಡಿನ ಅಂಚಿನಲ್ಲಿರುವ ರಿಚ್‌ವುಡ್ ಊರಿಗೂ ನೀರು ನುಗ್ಗಿತ್ತು.

ನಮ್ಮ ಉತ್ತರ ಕರ್ನಾಟಕದವರು “ಹಳ್ಳ ಬಂತು” ಅನ್ನುತ್ತಾರಲ್ಲ, ಅದೇ ಇದು. ತಲೆಯ ಮೇಲೆ ನಕ್ಷತ್ರ ಕಾಣುತ್ತಿರುತ್ತದೆ, ಹತ್ತು ಮೈಲಿ ಮೇಲೆ ಮೋಡ ಒಡೆದಿರುತ್ತದೆ. ಕಣಿವೆ ಕಿರಿದಾದಷ್ಟೂ ನೀರು ಬೇಗ ಏರುತ್ತದೆ. ಇದರಲ್ಲಿ ಈಜು ಬಂದವರು ಬಾರದವರು ಎಂಬ ಭೇದವಿಲ್ಲ. ಆರು ಇಂಚು ಆಳದ ರಭಸದ ನೀರು ದೊಡ್ಡವರನ್ನೂ ಕೆಡವುತ್ತದೆ. ಎರಡು ಅಡಿ ನೀರು ನಿಮ್ಮ ಕಾರನ್ನು ಎತ್ತಿಕೊಂಡು ಹೋಗುತ್ತದೆ.

ಹಾಗಾದರೆ ಜಾಗ ಹೇಗೆ ಆರಿಸಬೇಕು? ಇಲಾಖೆ ಗುರುತಿಸಿದ ಕ್ಯಾಂಪ್‌ಗ್ರೌಂಡಿನಲ್ಲಿ ಅವರು ತೋರಿಸಿದ ಜಾಗದಲ್ಲೇ ಟೆಂಟ್ ಹಾಕಬೇಕು. ಆದರೆ ಆ ಜಾಗಗಳಲ್ಲಿ ಯಾವುದು ಎನ್ನುವುದು ನಿಮ್ಮ ಕೈಯಲ್ಲಿದೆ. ಕಾರಿನಿಂದ ಇಳಿದ ಕೂಡಲೇ ಸಾಮಾನು ಇಳಿಸಬೇಡಿ. ಬರಿಗೈಯಲ್ಲಿ ಹಳ್ಳದ ದಡಕ್ಕೆ ನಡೆದುಹೋಗಿ ನಿಂತುಕೊಳ್ಳಿ. ದಡದ ಗಿಡಗಳ ಕಡೆ ನೋಡಿ. ಕೊಂಬೆಗಳ ಕವಲಲ್ಲಿ ಒಣಹುಲ್ಲು, ಬೇರುತುಂಡು, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿದೆಯೇ? ಅದೆಲ್ಲ ಒಂದೇ ದಿಕ್ಕಿಗೆ ಬಾಚಿದ ಹಾಗೆ ಬಾಗಿದೆಯೇ? ಮರದ ಬುಡದ ತೊಗಟೆ ನೀರು ಬರುವ ಕಡೆಗೆ ಮಾತ್ರ ಉಜ್ಜಿಹೋಗಿದೆಯೇ? ನೆಲದಲ್ಲಿ ಹುಲ್ಲಿಲ್ಲದೆ ಸಣ್ಣ ಮರಳು ಹರಡಿದೆಯೇ? ಆ ಕಸ ನಿಮ್ಮ ಎದೆಮಟ್ಟಕ್ಕೆ ಸಿಕ್ಕಿಕೊಂಡಿದ್ದರೆ ಒಂದು ದಿನ ಅಲ್ಲಿ ಎದೆಮಟ್ಟ ನೀರು ಹರಿದಿದೆ ಎಂದೇ ಅರ್ಥ. ಅಲ್ಲಿ ಮಲಗಬೇಡಿ. ಮೇಲಿನ ಸಾಲಿನ ಜಾಗ ನೋಡಿಕೊಳ್ಳಿ. ಫೋಟೋಗೆ ಹಳ್ಳ ಬೀಳುವುದಿಲ್ಲ, ಬೀಳದಿದ್ದರೆ ಬೇಡ. ಅಲ್ಲಿಂದಲೂ ನೀರಿನ ಸದ್ದು ರಾತ್ರಿಯಿಡೀ ಕೇಳುತ್ತದೆ.

ಗುರುತಿಸಿದ ಜಾಗವಿಲ್ಲದೆ ಕಾಡಿನೊಳಗೆ ನೀವೇ ಜಾಗ ಹುಡುಕಿ ಮಲಗುವುದಕ್ಕೂ ಈ ಅರಣ್ಯಗಳಲ್ಲಿ ಬಹಳ ಕಡೆ ಅವಕಾಶವಿದೆ. ಆಗ ನೀರಿನಿಂದ 200 ಅಡಿ ದೂರ ಇರಿ. ದೊಡ್ಡವರ ಹೆಜ್ಜೆಯಲ್ಲಿ ಸುಮಾರು ಎಪ್ಪತ್ತು ಹೆಜ್ಜೆ. ಎಣಿಸಿಯೇ ನಡೆಯಿರಿ.

ಕತ್ತಲಾಗುವ ಮುಂಚೆ ಇನ್ನೊಂದು ಕೆಲಸ. ಟೆಂಟಿನಿಂದ ಎತ್ತರದ ಕಡೆಗೆ ಓಡಿಹೋಗಲು ದಾರಿ ಯಾವುದೆಂದು ಎಲ್ಲರೂ ಒಮ್ಮೆ ನಡೆದು ನೋಡಿ. ನೀರಿನ ಅಂಚಿಗೆ ಒಂದು ಕೋಲು ಚುಚ್ಚಿಡಿ. ರಾತ್ರಿ ಎದ್ದಾಗ ಟಾರ್ಚ್ ಬಿಟ್ಟು ನೋಡಿ. ನೀರು ಕದಡಿ ಬಗ್ಗಡವಾಗಿದ್ದರೆ, ಎಲೆ ಕಡ್ಡಿ ತೇಲಿಬರುತ್ತಿದ್ದರೆ, ಹಳ್ಳದ ಸದ್ದು ದಪ್ಪಗಾಗಿ ತಳದ ಕಲ್ಲು ಉರುಳುವ ಗುಡುಗುಡು ಕೇಳಿದರೆ, ಮಳೆ ಬರಲಿ ಬರದಿರಲಿ, ಎಲ್ಲವನ್ನೂ ಅಲ್ಲೇ ಬಿಟ್ಟು ಕಾಲ್ನಡಿಗೆಯಲ್ಲಿ ಮೇಲಕ್ಕೆ ಹತ್ತಿ. ಟೆಂಟ್ ಮಡಚುವುದಕ್ಕೆ ನಿಲ್ಲಬೇಡಿ, ಲ್ಯಾಪ್‌ಟಾಪ್ ಬ್ಯಾಗಿಗೆ ವಾಪಸ್ ಹೋಗಬೇಡಿ. ಕಾರು ಹತ್ತಿ ಕಣಿವೆಯ ರಸ್ತೆಯಲ್ಲಿ ಹೊರಡುವುದಂತೂ ಕೂಡದು. ಆ ರಸ್ತೆ ಹಳ್ಳದ ಪಕ್ಕದಲ್ಲೇ ಹೋಗುತ್ತದೆ.

ತಲೆ ಎತ್ತಿಯೂ ನೋಡಿ. ಈ ಕಡೆಯ ಹಳ್ಳಗಳ ದಡದಲ್ಲಿ ಹೆಮ್ಲಾಕ್ ಮರಗಳು ಸಾಲಾಗಿ ಬೆಳೆಯುತ್ತವೆ. ಏಷ್ಯಾದಿಂದ ಬಂದ, ಬಿಳಿ ಉಣ್ಣೆಯಂಥ ಹೊದಿಕೆಯ ಒಂದು ಸಣ್ಣ ಕೀಟ ಅವುಗಳ ರಸ ಹೀರಿ ಕೊಲ್ಲುತ್ತಿದೆ. ಬೂದಿಬಣ್ಣಕ್ಕೆ ತಿರುಗಿ ಒಣಗಿ ನಿಂತ ಮರ, ಅರ್ಧ ಮುರಿದು ಇನ್ನೊಂದು ಕೊಂಬೆಗೆ ತಗಲಿಕೊಂಡ ರೆಂಬೆ ಇದ್ದರೆ ಅದರ ಕೆಳಗೆ ಟೆಂಟ್ ಹಾಕಬೇಡಿ. ಇಂಥವು ಗಾಳಿಯಿಲ್ಲದ ರಾತ್ರಿಯೂ ಬೀಳುತ್ತವೆ.

ಇನ್ನು ಕುಡಿಯುವ ನೀರು. ಮಲೆನಾಡಿನ ಮಕ್ಕಳಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ. ಬೊಗಸೆಯಲ್ಲಿ ಹಳ್ಳದ ನೀರು ಕುಡಿದು ಬೆಳೆದವರು ನೀವು. ಇಲ್ಲಿ ಹಾಗೆ ಮಾಡಬೇಡಿ. ಎಷ್ಟೇ ತಣ್ಣಗೆ, ತಿಳಿಯಾಗಿ ಕಂಡರೂ ಅದರಲ್ಲಿ ಜಿಯಾರ್ಡಿಯಾ ಎಂಬ ಪರೋಪಜೀವಿ ಇರಬಹುದು. ಬೀವರ್, ಜಿಂಕೆ, ನಾಯಿ, ಮನುಷ್ಯರ ಮಲದಿಂದ ಅದು ನೀರಿಗೆ ಸೇರುತ್ತದೆ. ಹೊಟ್ಟೆ ಕೆಡುವುದು ಒಂದೆರಡು ವಾರದ ಮೇಲೆ, ಆಗ ನಿಮಗೆ ಹಳ್ಳದ ನೆನಪೇ ಇರುವುದಿಲ್ಲ. ನೀರು ಕೊತಕೊತ ಕುದಿದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. 6,500 ಅಡಿಗಿಂತ ಎತ್ತರದ ಕಡೆ, ಅಂದರೆ ಪಶ್ಚಿಮದ ದೊಡ್ಡ ಬೆಟ್ಟಗಳಲ್ಲಿ, ಮೂರು ನಿಮಿಷ. ಕೈಯಲ್ಲಿ ಒತ್ತುವ ಫಿಲ್ಟರ್ ಒಯ್ದರೆ ಇನ್ನೂ ಸುಲಭ. ಮೊದಲ ದಿನಕ್ಕೆ ಬೇಕಾದ ನೀರನ್ನಂತೂ ಮನೆಯಿಂದಲೇ ಕ್ಯಾನಿನಲ್ಲಿ ತುಂಬಿಕೊಂಡು ಹೋಗಿ.

ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬೆಳಿಗ್ಗೆ ಬೇಗ ಎದ್ದು ಕೂತು ನೋಡಿ. ನೀರೊಳಗಿನ ಕಲ್ಲಿನ ಮೈಗೆ ಅರ್ಧ ಇಂಚಿನ ಸಣ್ಣ ಕೊಳವೆಗಳು ಅಂಟಿಕೊಂಡಿರುತ್ತವೆ. ಕಣ್ಣು ಹತ್ತಿರ ತಂದು ನೋಡಿದರೆ, ಮರಳಿನ ಕಾಳುಗಳನ್ನೇ ಒಂದಕ್ಕೊಂದು ಅಂಟಿಸಿ ಕಟ್ಟಿದ ಗೂಡು. ಒಳಗೊಂದು ಹುಳು, ಆರು ಪುಟ್ಟ ಕಾಲು ಹೊರಹಾಕಿ ನಿಧಾನಕ್ಕೆ ಗೂಡಿನ ಸಮೇತ ನಡೆಯುತ್ತದೆ. ಕ್ಯಾಡಿಸ್ ನೊಣದ ಮರಿ ಅದು. ಅದನ್ನು ತಿಂದು ಬದುಕುವುದು ಬ್ರೂಕ್ ಟ್ರೌಟ್ ಮೀನು, ವೆಸ್ಟ್ ವರ್ಜೀನಿಯಾದ ರಾಜ್ಯ ಮೀನು. ಅದಕ್ಕೆ ತಣ್ಣನೆಯ ಶುದ್ಧ ನೀರೇ ಬೇಕು, ಸ್ವಲ್ಪ ಬಿಸಿಯಾದರೂ ತಡೆಯಲಾರದು. ಅಪಲಾಚಿಯನ್ ಬೆಟ್ಟಗಳ ದೊಡ್ಡ ಹಳ್ಳ, ಹೊಳೆಗಳ ಚಪ್ಪಟೆ ಬಂಡೆಗಳ ಕೆಳಗೆ ಹೆಲ್‌ಬೆಂಡರ್ ಎಂಬ ಸಾಲಮ್ಯಾಂಡರ್ ಇರುತ್ತದೆ. ಎರಡು ಅಡಿಯವರೆಗೂ ಬೆಳೆಯುವ ಉಭಯಚರ. ಉಸಿರಾಡುವುದು ಮುಖ್ಯವಾಗಿ ಚರ್ಮದಿಂದ. ಶರತ್ಕಾಲದಲ್ಲಿ ಅದೇ ಬಂಡೆಯ ಅಡಿ ಮೊಟ್ಟೆಯಿಡುತ್ತದೆ, ಗಂಡು ಕಾವಲು ಕೂರುತ್ತದೆ.

ನೀವು ಫೋಟೋಗೆಂದು ಕಲ್ಲಿನ ಮೇಲೆ ಕಲ್ಲು ಪೇರಿಸುತ್ತೀರಲ್ಲ, ಮಕ್ಕಳು ಆಡುವುದಕ್ಕೆಂದು ಹಳ್ಳಕ್ಕೆ ಕಲ್ಲಿನ ಒಡ್ಡು ಕಟ್ಟುತ್ತೀರಲ್ಲ, ಆಗ ಎತ್ತಿದ ಪ್ರತಿ ಕಲ್ಲೂ ಯಾವುದೋ ಜೀವದ ಮನೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ದಯವಿಟ್ಟು ಕಲ್ಲುಗಳನ್ನು ಇದ್ದಲ್ಲೇ ಬಿಡಿ.

ಅದೇ ಕಾರಣಕ್ಕೆ ಪಾತ್ರೆಯನ್ನೂ ಹಳ್ಳದಲ್ಲಿ ತೊಳೆಯಬೇಡಿ. ನಮ್ಮ ಅಡುಗೆಯಲ್ಲಿ ಎಣ್ಣೆ, ಅರಿಸಿನ ಜಾಸ್ತಿ. ಪೇಪರಿನಲ್ಲಿ ಚೆನ್ನಾಗಿ ಒರೆಸಿ, ಆ ಪೇಪರನ್ನು ಕಸದ ಚೀಲಕ್ಕೆ ಹಾಕಿ, ಬಕೆಟ್ಟಿನಲ್ಲಿ ನೀರು ತಂದು ಹಳ್ಳದಿಂದ ಇನ್ನೂರು ಅಡಿ ದೂರದಲ್ಲಿ ತೊಳೆಯಿರಿ, ಮುಸುರೆ ನೀರನ್ನು ಸೋಸಿ ನೆಲದ ಮೇಲೆ ಅಗಲವಾಗಿ ಚೆಲ್ಲಿ. ಮಣ್ಣಲ್ಲಿ ಕರಗುತ್ತದೆ ಎಂದು ಬರೆದ ಸೋಪಿಗೂ ಇದೇ ನಿಯಮ. ಅದು ಕರಗುವುದು ಮಣ್ಣಿನಲ್ಲಿ, ಹಳ್ಳದಲ್ಲಲ್ಲ. ಮೈಗೆ ಸೊಳ್ಳೆ ಔಷಧಿ, ಸನ್‌ಸ್ಕ್ರೀನ್ ಹಚ್ಚಿಕೊಂಡು ನೀರಿಗಿಳಿದರೂ ಅದೆಲ್ಲ ಚರ್ಮದಿಂದ ಉಸಿರಾಡುವ ಆ ಜೀವಗಳ ಮೈಗೇ ಹೋಗುತ್ತದೆ. ಹೊಳೆಯನ್ನು ದೇವರೆಂದು ಕೈಮುಗಿಯುವವರು ನಾವು. ಕೈಮುಗಿಯಿರಿ, ಆದರೆ ಹೂವು, ಎಲೆಯಡಿಕೆ, ನಾಣ್ಯ ಬಿಡಬೇಡಿ.

ಪಾಯಿಖಾನೆ ಇರುವ ಕಡೆ ಅದನ್ನೇ ಬಳಸಿ, ಅದರ ಗುಂಡಿಗೆ ಕಸ ಹಾಕಬೇಡಿ. ಹಾಕಿದ ಕಸವನ್ನು ಯಾರೋ ಒಬ್ಬ ಮನುಷ್ಯ ಎತ್ತಬೇಕಾಗುತ್ತದೆ. ಇಲ್ಲದ ಕಡೆ ನೀರಿನಿಂದ 200 ಅಡಿ ದೂರ, ಆರರಿಂದ ಎಂಟು ಇಂಚು ಆಳದ ಗುಂಡಿ ತೋಡಿ ಮುಚ್ಚಿ. ಸಣ್ಣ ಕೈಗುದ್ದಲಿ ಜೊತೆಗಿರಲಿ.

ಬೆಂಕಿ. ಸೌದೆಯನ್ನು ಮನೆಯಿಂದ ಕಾರಿನಲ್ಲಿ ತುಂಬಿಕೊಂಡು ಹೋಗಬೇಡಿ. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಒಂದು ಹಸಿರು ದುಂಬಿ ಈ ದೇಶದ ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ಅದು ಊರೂರಿಗೆ ಹಬ್ಬಿದ್ದರಲ್ಲಿ ಜನ ಸಾಗಿಸಿದ ಸೌದೆಯ ಪಾಲು ದೊಡ್ಡದು. ಅಲ್ಲೇ ಊರಲ್ಲಿ ಕೊಳ್ಳಿ, ಇಲ್ಲವೇ ಬಿದ್ದ ಒಣಕಟ್ಟಿಗೆ ಆರಿಸಿ. ನಿಂತ ಮರಕ್ಕೆ ಕತ್ತಿ ಹಾಕಬೇಡಿ. ಮಲಗುವ ಮುಂಚೆ ಬೆಂಕಿಗೆ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಅಂಗೈಯ ಹಿಂಬದಿಯಿಂದ ಬೂದಿಯ ಬಿಸಿ ನೋಡಿ. ಬಿಸಿ ಇದ್ದರೆ ಆರಿಲ್ಲ. ಚಳಿ ಎಂದು ಇದ್ದಿಲ ಒಲೆಯನ್ನೋ, ಗ್ಯಾಸ್ ಸ್ಟೌವನ್ನೋ ಟೆಂಟಿನೊಳಗೆ ಯಾವ ಕಾರಣಕ್ಕೂ ತರಬೇಡಿ, ನಂದಿ ಬೂದಿಯಾದಂತೆ ಕಂಡ ಇದ್ದಿಲನ್ನೂ ತರಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ.

ಚಳಿಗೆ ಬೇರೆ ಉಪಾಯವಿದೆ. ರಾತ್ರಿ ತಣ್ಣನೆ ಗಾಳಿ ಬೆಟ್ಟದಿಂದ ಇಳಿದು ಕಣಿವೆಯ ತಳದಲ್ಲಿ, ಅಂದರೆ ಹಳ್ಳದ ಮಗ್ಗುಲಲ್ಲೇ ಕೂರುತ್ತದೆ. ಜೂನ್ ತಿಂಗಳಲ್ಲೂ ನಡುಗುವಷ್ಟು ಚಳಿಯಾಗಬಹುದು. ಎತ್ತರದಲ್ಲಿ ಮಲಗಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ. ಹೊದಿಕೆಗಿಂತ ಹಾಸಿಗೆ ಮುಖ್ಯ, ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ. ಸ್ಲೀಪಿಂಗ್ ಬ್ಯಾಗಿನ ಕೆಳಗೆ ಒಳ್ಳೆಯ ಪ್ಯಾಡ್ ಇರಲಿ. ಒದ್ದೆಯಾದ ಹತ್ತಿ ಬಟ್ಟೆ ಮೈಮೇಲೆ ಇಟ್ಟುಕೊಳ್ಳಬೇಡಿ, ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ. ಟೆಂಟಿನ ಗಾಳಿಕಿಂಡಿ ಮುಚ್ಚಿದರೆ ನಿಮ್ಮ ಉಸಿರಿನ ತೇವವೇ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ತೆರೆದಿಡಿ.

ಊಟಕ್ಕೆ ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಸಾಕು. ದೊಡ್ಡ ಅಡುಗೆ ಹೂಡಬೇಡಿ. ಈ ಕಾಡಿನಲ್ಲಿ ಕಪ್ಪು ಕರಡಿಗಳಿವೆ. ಒಗ್ಗರಣೆಯ ವಾಸನೆ ಅವಕ್ಕೆ ಬಹು ದೂರದಿಂದ ಗೊತ್ತಾಗುತ್ತದೆ. ತಿನ್ನುವುದು, ಕಸ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಎಲ್ಲವೂ ಕಾರಿನೊಳಗೆ, ಗಾಜು ಏರಿಸಿ, ಬೀಗ ಹಾಕಿ. ಟೆಂಟಿನಲ್ಲಿ ಒಂದು ಚಾಕೊಲೇಟ್ ಕೂಡ ಬೇಡ. ಬಾಳೆಹಣ್ಣಿನ ಸಿಪ್ಪೆ, ಕಡಲೆಕಾಯಿ ಸಿಪ್ಪೆ ಗೊಬ್ಬರವಾಗುತ್ತದೆ ಎಂದು ಎಸೆಯುವುದೂ ಬೇಡ. ಜನರ ಊಟದ ರುಚಿ ಕಂಡ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ. ನಿಮ್ಮ ಸೋಮಾರಿತನಕ್ಕೆ ಅದರ ಪ್ರಾಣ ಹೋಗಬಾರದು.

ಪಕ್ಕದ ಟೆಂಟಿನವರಿಗೆ ಹೋದ ಕೂಡಲೇ ನಮಸ್ಕಾರ ಹೇಳಿ, ಎಲ್ಲಿಂದ ಬಂದಿರಿ ಎಂದು ಮಾತಾಡಿಸಿ. ಹಳ್ಳಿಗಾಡಿನ ಅಮೆರಿಕನ್ನರ ಬಗ್ಗೆ ನಿಮಗೆ ಅಳುಕಿರುವುದು ನನಗೆ ಗೊತ್ತು. ಆದರೆ ಮಣ್ಣುರಸ್ತೆಯಲ್ಲಿ ಟೈರ್ ಹೋದಾಗ ಜ್ಯಾಕ್ ಹಿಡಿದು ಬರುವವರು ಅವರೇ. ಅದಕ್ಕೆ ಪ್ರತಿಯಾಗಿ ನೀವು ಮಾಡಬೇಕಾದದ್ದು ಬ್ಲೂಟೂತ್ ಸ್ಪೀಕರ್ ಮನೆಯಲ್ಲಿ ಬಿಟ್ಟು ಬರುವುದು. ರಾತ್ರಿ ಹತ್ತಕ್ಕೆ ಮಾತು ತಗ್ಗಿಸಬೇಕು. ಹಾಡಬೇಕೆನಿಸಿದರೆ ಹಾಡಿ, ಮೈಕಿಲ್ಲದ ಗಂಟಲಿನ ಹಾಡು ಯಾರಿಗೂ ತೊಂದರೆ ಮಾಡದು. ಹದಿನೈದು ಇಪ್ಪತ್ತು ಜನ ಒಟ್ಟಿಗೆ ಹೋಗಬೇಡಿ. ಒಂದು ಕಾರು, ಹೆಚ್ಚೆಂದರೆ ಎರಡು. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರಿಗೂ ತೋರಿಸೋಣ ಎಂದು ಬಿಪಿ, ಸಕ್ಕರೆ ಕಾಯಿಲೆ ಇರುವವರನ್ನು ಅಲ್ಲಿ ರಾತ್ರಿ ಮಲಗಿಸಬೇಡಿ. ಆಸ್ಪತ್ರೆ ಹತ್ತಿರವಿಲ್ಲ. ಹಗಲು ಕರೆದುಕೊಂಡು ಹೋಗಿ ಹಳ್ಳದ ದಡದಲ್ಲಿ ಬುತ್ತಿ ಬಿಚ್ಚಿ, ಸಂಜೆಗೆ ಊರಿನ ಹೋಟೆಲ್ಲಿಗೆ ಬನ್ನಿ.

ಕೊನೆಯದು ಫೋನಿನ ವಿಷಯ. ಟೀ ಕ್ರೀಕ್ ಇರುವ ಪೋಕಹಾಂಟಸ್ ಕೌಂಟಿಯಲ್ಲೇ ಗ್ರೀನ್ ಬ್ಯಾಂಕ್ ರೇಡಿಯೋ ದೂರದರ್ಶಕವಿದೆ, 100 ಮೀಟರ್ ಅಗಲದ ತಟ್ಟೆ. ಆಕಾಶದಿಂದ ಬರುವ ಕ್ಷೀಣ ತರಂಗಗಳನ್ನು ಅದು ಕೇಳಿಸಿಕೊಳ್ಳಬೇಕಾದ್ದರಿಂದ 1958ರಿಂದ ಸುತ್ತಲ 13,000 ಚದರ ಮೈಲಿಯನ್ನು ರೇಡಿಯೋ ಮೌನ ವಲಯವೆಂದು ಕಾಯ್ದಿದ್ದಾರೆ. ಹೋಗಿಬರುವಾಗ ತಪ್ಪದೆ ನೋಡಿ. ಆ ವಲಯ, ಮೇಲೆ ಬೆಟ್ಟದ ಮರೆ, ಎರಡೂ ಸೇರಿ ನಿಮ್ಮ ಫೋನಿಗೆ ಜೀವ ಇರುವುದಿಲ್ಲ. ಹೊಸ ಫೋನುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯವಿದೆ, ಆದರೆ ಅದಕ್ಕೆ ಬಯಲಾಗಿ ಆಕಾಶ ಕಾಣಬೇಕು. ಕಿರಿದಾದ ಕಣಿವೆಯಲ್ಲಿ, ದಟ್ಟ ಮರಗಳ ಕೆಳಗೆ ಅದನ್ನೇ ನೆಚ್ಚಿಕೊಳ್ಳಬೇಡಿ. ನಕ್ಷೆಯನ್ನು ಕಾಗದದಲ್ಲಿ ಒಯ್ಯಿರಿ. ಹವಾಮಾನ ವರದಿಯನ್ನು ದಾರಿಯಲ್ಲಿ ಸಿಗ್ನಲ್ ಇರುವ ಕೊನೆಯ ಕಡೆ ನಿಂತು ಓದಿ. ನಿಮ್ಮ ಜಾಗದ್ದಷ್ಟೇ ಅಲ್ಲ, ಮೇಲಿನ ಬೆಟ್ಟಗಳದ್ದೂ ಓದಿ. ಜೋರು ಮಳೆ, ದಿಢೀರ್ ಪ್ರವಾಹದ ಮುನ್ಸೂಚನೆ ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಐದು ಗಂಟೆ ಡ್ರೈವ್ ಮಾಡಿ ಬಂದೆವಲ್ಲ ಎಂದು ಮುಂದೆ ಹೋಗಬೇಡಿ. ಆ ರಾತ್ರಿ ಯಾವುದಾದರೂ ಮೋಟೆಲಿನಲ್ಲಿ ಮಲಗಿ, ಹಳ್ಳ ಇನ್ನೊಂದು ವಾರವೂ ಅಲ್ಲೇ ಇರುತ್ತದೆ.

ಹೊರಡುವ ದಿನ ಒಂದು ಚೀಟಿ ಬರೆದು, ಜೊತೆಗೆ ಬಾರದ ಗೆಳೆಯರೊಬ್ಬರ ಕೈಗೆ ಕೊಡಿ: ಯಾವ ಅರಣ್ಯ, ಯಾವ ಕ್ಯಾಂಪ್‌ಗ್ರೌಂಡ್, ಯಾವ ಅರಣ್ಯ ರಸ್ತೆ, ಯಾರು ಯಾರು, ಕಾರಿನ ನಂಬರ್, ಭಾನುವಾರ ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಅಲ್ಲಿನ ಷೆರಿಫ್ ಕಚೇರಿಗೆ ತಿಳಿಸಬೇಕು. ಊರಿಗೂ ಒಂದು ಫೋನ್ ಮಾಡಿ. ಎರಡು ದಿನ ನಾನು ಸಿಗುವುದಿಲ್ಲ, ಕಾಡಿಗೆ ಹೋಗುತ್ತಿದ್ದೇನೆ, ಸೋಮವಾರ ಬೆಳಿಗ್ಗೆ ಮಾತಾಡುತ್ತೇನೆ ಎಂದು ಅಮ್ಮನಿಗೆ ಮೊದಲೇ ಹೇಳಿ. ಹೇಳಿದ ಹೊತ್ತಿಗೆ ತಪ್ಪದೆ ಫೋನ್ ಮಾಡಿ.